ಬೀರಪ್ಪನ ಎಡಗೈ ಪೆಟ್ಟು

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಮದರಾಸಿನ ಗ್ರಾಮಫೋನ್ ಕಂಪನಿಯೊಂದರಿಂದ ದೊಡ್ಡಬಳ್ಳಾಪುರದ ವೆಂಕಟರಾಮಪ್ಪನವರಿಗೆ ಟೇಪೊಂದು ವಾಪಸ್ ಬಂತು. ಜೊತೆಗಿದ್ದ ಕಾಗದದಲ್ಲಿ ಮೂರೇ ಸಾಲು: ಡೊಳ್ಳಿನ ತಗ್ಗು ದನಿ ಮಿತಿಮೀರಿದೆ, ಗ್ರಾಮಫೋನ್ ತಟ್ಟೆಗೆ ಇಳಿಸಿದರೆ ಮುಳ್ಳು ನೆಗೆಯುತ್ತದೆ, ಸರಿಪಡಿಸಿ ಕಳಿಸಿದರೆ ನೋಡೋಣ.

ಇಪ್ಪತ್ತು ವರ್ಷ ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕಿದ್ದ ವೆಂಕಟರಾಮಪ್ಪನವರು ಮನೆಯ ಮಹಡಿಯಲ್ಲೊಂದು ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಗೋಡೆಗಳಿಗೆ ಗೋಣಿತಾಟು, ಒಂದು ಸ್ಪೂಲ್ ಟೇಪಿನ ಯಂತ್ರ, ಬೆಂಗಳೂರಿನಲ್ಲಿ ಮುಚ್ಚಿಹೋದ ಸ್ಟುಡಿಯೋದಿಂದ ತಂದ ಎರಡು ಸ್ಪೀಕರು. ಸಾಸಲಿನ ಚಿಕ್ಕಬೀರಪ್ಪನ ಡೊಳ್ಳಿನ ಮೇಳದ ಧ್ವನಿಮುದ್ರಣ ಅಲ್ಲಿ ನಡೆದ ಮೊದಲ ಕೆಲಸ; ವಾಪಸ್ ಬಂದದ್ದು ಅದೇ ಟೇಪು.

"ಮಿತಿಮೀರಿದೆಯಂತೆ! ಇಲ್ಲಿ ಕೇಳಿದ್ರೆ ಡೊಳ್ಳೇ ಸಾಲ್ದು ಅನ್ನಿಸ್ತದೆ" ಎಂದು ಅವರು ಕಾಗದವನ್ನು ಅಕ್ಕನ ಮಗಳು ಅಂಜಿನಮ್ಮನ ಕೈಗೆ ಕೊಟ್ಟರು.

ಅಂಜಿನಮ್ಮನಿಗೆ ಇಪ್ಪತ್ತಮೂರು ವರ್ಷ. ದಿನವೂ ಬೆಳಗಿನ ಆರರ ಬಸ್ಸಿಗೆ ಬೆಂಗಳೂರಿಗೆ ಹೋಗಿ, ರೇಡಿಯೋ ಭಾಗಗಳ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದಳು. ಅವಳು ಆ ಟೇಪನ್ನೇ ಮತ್ತೆ ಹಾಕಿ, ಸ್ಪೀಕರಿನ ಮುಂದೆ ಅಂಗೈ ಹಿಡಿದು ನಿಂತಳು.

"ಮಾವ, ಇವು ಅರ್ಧ ಮಾತ್ರ ಹೇಳ್ತವೆ. ಇಷ್ಟು ಸಣ್ಣ ಸ್ಪೀಕರಲ್ಲಿ ಬೀರಣ್ಣನ ಎಡಗೈಯ ತಗ್ಗು ಪೆಟ್ಟು ಬರೋದೇ ಇಲ್ಲ. ಕೇಳಿಸ್ಲಿಲ್ಲ ಅಂತ ನೀವು ಮೈಕನ್ನ ಇನ್ನೂ ಹತ್ರ ಇಟ್ರಿ. ಟೇಪಲ್ಲಿ ಅದೆಲ್ಲ ಕೂತ್ಬಿಟ್ಟಿದೆ, ನಮಗೇ ಗೊತ್ತಾಗ್ಲಿಲ್ಲ."

"ಮತ್ತೇನಮ್ಮ ಮಾಡೋದು?"

"ತಗ್ಗು ದನಿಗೇ ಅಂತ ಇನ್ನೊಂದು ಪೆಟ್ಟಿಗೆ ಮಾಡೋಣ. ನಾನು ಮಾಡ್ತೀನಿ."

ಹಳೆಯ ಟಾಕೀಸಿನಿಂದ ಹದಿನೈದು ಅಂಗುಲದ ಸ್ಪೀಕರೊಂದು ಸಿಕ್ಕಿತು. ಅವಳು ಬರೆದುಕೊಟ್ಟ ಅಳತೆಗೆ ಬಡಗಿ ದಪ್ಪ ಹಲಗೆಯ ಪೆಟ್ಟಿಗೆ ಕೂಡಿಸಿದ. ಒಳಗೆ ಬೂರುಗದ ಹತ್ತಿ ತುಂಬಿದರು. ತೆಳ್ಳನೆಯ ದನಿಯನ್ನು ತಡೆದು ತಗ್ಗು ದನಿಯನ್ನು ಮಾತ್ರ ಒಳಕ್ಕೆ ಬಿಡುವ ಕಾಯಿಲನ್ನು ಅಂಜಿನಮ್ಮ ತಾನೇ ಸುತ್ತಿದಳು. ನಾಲ್ಕು ಭಾನುವಾರಗಳು ಹಿಡಿದವು.

ಮೊದಲ ದಿನ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ಹಾಕಿದಾಗ ಕೋಣೆಯೇ ಗುಡುಗಿತು, ಕಿಟಕಿಯ ಗಾಜು ಗಡಗಡ ಎಂದಿತು. ಆದರೆ ಕೂತು ಕೇಳುವ ಕುರ್ಚಿಯ ಹತ್ತಿರ ಏನೂ ಇಲ್ಲ. ನೋಡಲು ಬಂದಿದ್ದ ರೇಡಿಯೋ ರಿಪೇರಿಯ ಕೊಂಡಪ್ಪ ನಕ್ಕುಬಿಟ್ಟ.

"ಕಾಯಿಲ್ ಸುತ್ತೋದು ಬೇರೆ, ಸೌಂಡ್ ಹದ ಮಾಡೋದು ಬೇರೆ ಕಣಮ್ಮ. ಸಿಟಿಯಿಂದ ಇಂಜಿನಿಯರನ್ನ ಕರೆಸಿ ವೆಂಕಟರಾಮಪ್ಪ."

ಅಂಜಿನಮ್ಮನ ಮುಖ ಕೆಂಪಾಯಿತು. ಕುರ್ಚಿಯನ್ನು ಸರಿಸಿ, ಭಾರದ ಪೆಟ್ಟಿಗೆಯನ್ನು ಮಾವನ ಜೊತೆ ಎತ್ತಿ ಕುರ್ಚಿಯಿದ್ದ ಜಾಗದಲ್ಲೇ ಇಟ್ಟಳು. ಡೊಳ್ಳಿನ ಟೇಪು ಹಾಕಿ, ಸೆರಗು ಸಿಕ್ಕಿಸಿ, ಮೊಣಕಾಲೂರಿ ಗೋಡೆಯ ಬದಿಯಲ್ಲೇ ತೆವಳುತ್ತಾ ಹೋದಳು. ಒಂದು ಕಡೆ ದನಿ ಉಬ್ಬಿತ್ತು, ಇನ್ನೊಂದು ಕಡೆ ಬತ್ತಿತ್ತು. ಬಾಗಿಲಿನಿಂದ ಮೂರಡಿ ಈಚೆಗೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು.

"ಇಲ್ಲಿ ಕೇಳೋ ಕಿವಿ ಕುರ್ಚಿ ಜಾಗದಲ್ಲಿರೋ ಪೆಟ್ಟಿಗೇನ ಹೆಂಗೆ ಕೇಳ್ತದೋ, ಅಲ್ಲಿರೋ ಕಿವಿ ಇಲ್ಲಿರೋ ಪೆಟ್ಟಿಗೇನೂ ಹಂಗೇ ಕೇಳ್ತದೆ ಮಾವ."

ಪೆಟ್ಟಿಗೆ ಗೆರೆಯ ಮೇಲೆ ಬಂತು, ಕುರ್ಚಿ ತನ್ನ ಜಾಗಕ್ಕೆ ಹೋಯಿತು. ಈಗ ಕೇಳಿಸುತ್ತಿತ್ತು, ಆದರೂ ಸೊರಗಿದ ಹಾಗೆ. ಅವಳು ಪೆಟ್ಟಿಗೆಯ ಹಿಂದಿನ ಎರಡು ವೈರುಗಳನ್ನು ಬಿಚ್ಚಿ ಅದಲುಬದಲು ಮಾಡಿದಳು. ದನಿ ಒಮ್ಮೆಲೇ ತುಂಬಿಕೊಂಡಿತು. ಅದುವರೆಗೆ ಪೆಟ್ಟಿಗೆ ಉಳಿದೆರಡಕ್ಕೆ ಎದುರಾಗಿ ತಳ್ಳುತ್ತಿತ್ತು; ಈಗ ಮೂರೂ ಸ್ಪೀಕರುಗಳು ಒಟ್ಟಿಗೆ ಉಸಿರಾಡತೊಡಗಿದ್ದವು. ಆಮೇಲೆ ಪೆಟ್ಟಿಗೆಯ ದನಿಯನ್ನು ಇಳಿಸುತ್ತಾ ಬಂದಳು, ಅದು ಬೇರೆಯಾಗಿ ಕೇಳುವುದು ನಿಲ್ಲುವವರೆಗೆ.

ಕೊಂಡಪ್ಪ ಕುರ್ಚಿಯಲ್ಲಿ ಕೂತು ಕೇಳಿದ. ಎದ್ದು ಹೋಗಿ ಪೆಟ್ಟಿಗೆಯ ವೈರುಗಳನ್ನು ನೋಡಿ, ಮತ್ತೆ ಬಂದು ಕೂತ. "ಇದು ಆನ್ ಆಗಿದೆಯೇನಮ್ಮ?"

ಅಂಜಿನಮ್ಮ ಅದರ ಸ್ವಿಚ್ಚು ಆರಿಸಿದಳು. ಡೊಳ್ಳಿನ ಜೀವವೇ ಹೋಯಿತು. ಮತ್ತೆ ಹಾಕಿದಳು. ಕೊಂಡಪ್ಪ ಆಮೇಲೆ ಇಂಜಿನಿಯರಿನ ಮಾತೆತ್ತಲಿಲ್ಲ.

ಮುಂದಿನ ಭಾನುವಾರ ಚಿಕ್ಕಬೀರಪ್ಪ ಮೇಳದವರೊಂದಿಗೆ ಬಂದ. ಹಳೆಯ ಟೇಪು ಕೇಳಿ ಗಾಬರಿಯಾದ. "ಇದೇನವ್ವ, ಬಂಡೆ ಉರುಳಿದಂಗೈತೆ! ಇದು ನಾನಲ್ಲ."

"ನೀವೇ ಬೀರಣ್ಣ. ಮೈಕು ಹತ್ರ ಇತ್ತು, ಅಷ್ಟೇ. ಇವತ್ತು ಸರಿ ಮಾಡ್ತೀನಿ."

ಅವಳು ಮೈಕನ್ನು ಅವನ ಎಡಗೈ ಕಡೆಯಿಂದ ಬಲಕ್ಕೆ, ಆಮೇಲೆ ನಾಲ್ಕಡಿ ಹಿಂದಕ್ಕೆ ಸರಿಸಿದಳು. ಬಾರಿಸುವುದು, ಕೇಳುವುದು, ಸರಿಸುವುದು. ಏಳನೆಯ ಸಲ ಟೇಪು ಓಡಿದಾಗ ಬೀರಪ್ಪ ಕಣ್ಣು ಮುಚ್ಚಿದ್ದ. ಎಡಗೈ ತಾನಾಗಿ ತೊಡೆಯ ಮೇಲೆ ಆಡುತ್ತಿತ್ತು.

"ಹೂಂ," ಅಂದ. "ಇದು ನನ್ನ ಕೈ. ಬಾರಿಸೋವಾಗ ನಾನೂ ಇಷ್ಟು ಚೆಂದಾಗಿ ಕೇಳಿರ್ಲಿಲ್ಲ ಕಣವ್ವ."

ಹೊಸ ಟೇಪು ಕಳಿಸಿದ ತಿಂಗಳ ಮೇಲೆ ಮದರಾಸಿನಿಂದ ಉತ್ತರ ಬಂತು. ಟೇಪಿನಲ್ಲಿ ತಿದ್ದುವುದೇನೂ ಇಲ್ಲ, ತಟ್ಟೆಗೆ ಇಳಿಸುತ್ತಿದ್ದೇವೆ ಎಂದಿತ್ತು. ಕೊನೆಗೊಂದು ಪ್ರಶ್ನೆಯೂ ಇತ್ತು: ಧ್ವನಿಮುದ್ರಣ ಮಾಡಿದವರ ಹೆಸರೇನೆಂದು ಹಾಕಬೇಕು?

ವೆಂಕಟರಾಮಪ್ಪನವರು ಅಂಜಿನಮ್ಮನ ಎದುರಿಗೇ ಕೂತು ಉತ್ತರ ಬರೆದರು. ಹೆಸರಿನ ಜಾಗದಲ್ಲಿ ಅವಳದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಾಗ ಅವಳು ತಡೆದಳು.

"ನಿಮ್ಮ ಕೋಣೆ, ನಿಮ್ಮ ಯಂತ್ರ. ನಿಮ್ಮ ಹೆಸರು ಹಾಕಿ ಮಾವ."

"ಕೋಣೆಗೆ ಕಿವಿ ಇರ್ತದೇನಮ್ಮ? ಸುಮ್ನಿರು."

ತಟ್ಟೆಗಳ ಕಟ್ಟು ಬಂದ ದಿನ ಅಂಜಿನಮ್ಮ ಕಾರ್ಖಾನೆಯಿಂದ ನೇರ ಮಾವನ ಮನೆಗೇ ಬಂದಳು. ಹೊದಿಕೆಯ ಹಿಂಬದಿಯಲ್ಲಿ ಚಿಕ್ಕಬೀರಪ್ಪನ ಹೆಸರು, ಮೇಳದವರ ಹೆಸರುಗಳು, ಅವುಗಳ ಕೆಳಗೆ ಧ್ವನಿಮುದ್ರಣ: ಅಂಜಿನಮ್ಮ, ದೊಡ್ಡಬಳ್ಳಾಪುರ. ಅವಳು ಅದನ್ನು ಎರಡು ಸಲ ಓದಿ, ಒಂದು ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಮ್ಮನಿಗೆ ತೋರಿಸಲು ಹೊರಟಳು. ದಾರಿಯಲ್ಲಿ ಸಿಕ್ಕ ಕೊಂಡಪ್ಪ ಸೈಕಲ್ಲಿನಿಂದ ಇಳಿದು ನಿಂತ.

"ನೆಲಮಂಗಲದ ಟಾಕೀಸಿನವರು ಕೇಳ್ತಾವ್ರೆ ಅಂಜಿನಮ್ಮ. ಅವರ ಬೇಸು, ಅದೇ ತಗ್ಗು ದನಿ, ಬರೀ ಗುಂಯ್ ಅಂತದಂತೆ. ಯಾವಾಗ ಬರ್ತೀಯ?"

"ಭಾನುವಾರ ಬರ್ತೀನಿ," ಅಂದಳು ಅಂಜಿನಮ್ಮ. "ಕುರ್ಚಿಗಳನ್ನೆಲ್ಲ ತೆಗೆಸಿರೋಕೆ ಹೇಳಿ. ತೆವಳೋಕೆ ನೆಲ ಖಾಲಿ ಬೇಕು."