ಕಿವಿ ಮಡಚಿದ ವಾಷರ್

ಬೋರಕ್ಕ ಅಗಲದ ಬೋಗುಣಿಗೆ ಡೀಸೆಲ್ ಸುರಿದುಕೊಂಡು, ಪಾತ್ರೆ ತಿಕ್ಕುವ ಹಾಗೆ ಒಂದೊಂದೇ ಬೋಲ್ಟು ತಿಕ್ಕಿ ಗೋಣಿಚೀಲದ ಮೇಲೆ ಇಡುತ್ತಿದ್ದಳು. ಬೆನ್ನ ಹಿಂದೆ, ಶೆಡ್ಡಿನೊಳಗೆ, ಗಂಡ ಚಿತ್ರಲಿಂಗಪ್ಪ ಸ್ಪಾನರಿನ ಹಿಡಿಗೆ ಮೂರಡಿ ಪೈಪು ತೊಡಿಸಿ ಜಗ್ಗುತ್ತಿದ್ದ. ಜಗ್ಗಿದಾಗಲೆಲ್ಲ ಅವನ ಬಾಯಿಂದ ಒಂದು ನರಳಿಕೆ ಬರುತ್ತಿತ್ತು, ಅಷ್ಟೆ. ನಟ್ಟು ಮಿಸುಕುತ್ತಿರಲಿಲ್ಲ.

ಪಕ್ಕದ ಪಂಕ್ಚರ್ ಅಂಗಡಿಯ ಪಾಪಣ್ಣನನ್ನೂ ಕೈಜೋಡಿಸಲು ಕರೆದದ್ದಾಗಿತ್ತು. ಅವನು ಪೈಪಿಗೆ ಜೋತುಬಿದ್ದು, ಬೆವರು ಒರೆಸಿಕೊಂಡು, ಹೊರಗೆ ಬಂದ.

"ಬ್ರಿಟಿಷ್ನೋರು ಬಿಟ್ಟೋಗಿ ಎಷ್ಟು ವರ್ಷ ಆತಣ್ಣ, ಅವರ ನಟ್ಟು ಮಾತ್ರ ಬಿಡವಲ್ದು ನೋಡು."

"ನಗಿಸಬ್ಯಾಡಲೇ, ಎದೆ ನೋಯ್ತೈತೆ," ಎಂದ ಚಿತ್ರಲಿಂಗಪ್ಪ.

ಅದು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ಇಂಗ್ಲೆಂಡಿನ ಕಾರು. ದುರ್ಗದ ಶಿವಕುಮಾರಪ್ಪನವರದು. ಆರು ವರ್ಷದಿಂದ ಹಿರಿಯೂರಿನ ಈ ಶೆಡ್ಡಿನಲ್ಲಿ ತಾಡಪಾಲು ಹೊದ್ದು ಮಲಗಿತ್ತು. ಎಂಜಿನ್ನಿನ ಮುಂದಿನ ದೊಡ್ಡ ನಟ್ಟು ಬಿಚ್ಚಿದರೆ ಒಳಗಿನ ಚೈನು ಸಿಗುತ್ತದೆ. ನಟ್ಟೇ ಬಿಚ್ಚದು. ಸೋಮವಾರ ಲಾರಿ ಕಳಿಸುತ್ತೇನೆ, ಹೇಗಿದೆಯೋ ಹಾಗೇ ಹೇರಿಬಿಡಿ ಎಂದು ಶಿವಕುಮಾರಪ್ಪನವರು ಹೇಳಿ ಕಳಿಸಿದ್ದರು.

ಬೋರಕ್ಕನಿಗೆ ಕಾರು ಹೋಗುವುದರ ಚಿಂತೆಯಿರಲಿಲ್ಲ. ಆ ನಟ್ಟು ಬಿಚ್ಚದೆ ಹೋದರೆ ತನ್ನ ತಮ್ಮನ ಮೇಲಿನ ಮಾತೂ ಬಿಚ್ಚದೆ ಹೋಗುತ್ತದಲ್ಲ ಎಂಬುದೊಂದೇ ಚಿಂತೆ. ತಮ್ಮ ಪ್ರಸನ್ನಕುಮಾರ ಇದೇ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಆ ನಟ್ಟು ಕೂರಿಸಿದವನು ಅವನೇ. "ಮರೆಯ ಸುತ್ತು ಓರೆ ಹತ್ತಿಸಿ ಬಿಗಿದಾನೆ, ಕಣ್ಣಿಲ್ಲದೋನು," ಎಂದು ಚಿತ್ರಲಿಂಗಪ್ಪ ಶಿವಕುಮಾರಪ್ಪನವರ ಎದುರಿಗೇ ಅಂದಿದ್ದ. ಪ್ರಸನ್ನ ಹೇಳಿದ್ದು ಒಂದೇ ಮಾತು: "ಮರೆ ನೆಟ್ಟಗೇ ಹತ್ತೈತೆ ಭಾವ. ವಾಷರಿನ ಕಿವಿ ಮುರಿದಿತ್ತು, ಹೊಸಾದು ಸಿಗಲಿಲ್ಲ, ಹಂಗೇ ಬಿಗಿದೆ." ಆ ಸಂಜೆ ತನ್ನ ಸ್ಪಾನರುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೊಸದುರ್ಗದ ಬಸ್ಸು ಹತ್ತಿದವನು ತಿರುಗಿ ಬಂದಿರಲಿಲ್ಲ. ಫೋನು ಮಾಡಿದರೆ ಅಕ್ಕನ ದನಿ ಕೇಳಿ ಇಟ್ಟುಬಿಡುತ್ತಿದ್ದ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದ ಬೋರಕ್ಕ ತನ್ನ ಜೀವಮಾನದ ಮೊದಲ ಕಾಗದ ಬರೆದದ್ದು ಅವನಿಗೇ. "ತಪ್ಪು ಒಪ್ಕಳೋತನಕ ಈ ಮನೆಯಿಂದ ಕಾಗದ ಹೋಗಕೂಡದು," ಎಂದಿದ್ದ ಗಂಡ. ಐದು ವರ್ಷದಿಂದ ಅದು ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗಿತ್ತು.

"ಚಾ ಕುಡ್ಕಂಡು ಬರಾಣ ನಡಿಯಣ್ಣ," ಎಂದು ಪಾಪಣ್ಣ ಗಂಡನನ್ನು ಎಬ್ಬಿಸಿಕೊಂಡು ಹೋದ.

ಬೋರಕ್ಕನೂ ದಣಿದಿದ್ದಳು. ಆದರೂ ಕೈಯಲ್ಲಿ ಬ್ರಷ್ಷಿತ್ತು, ಬೋಗುಣಿಯಲ್ಲಿ ಡೀಸೆಲ್ ಉಳಿದಿತ್ತು. ಆ ಕಾರನ್ನು ಮುಟ್ಟಬೇಡವೆಂದು ಗಂಡ ಹೇಳಿದ್ದು ನೆನಪಾಯಿತು. ಮುಟ್ಟಿದಳು. ರೇಡಿಯೇಟರ್ ತೆಗೆದ ಸಂದಿನಲ್ಲಿ ಮೊಣಕಾಲೂರಿ ಕೂತು, ನಟ್ಟಿನ ಸುತ್ತ ಕಲ್ಲಿನಂತಾಗಿದ್ದ ಗ್ರೀಸು-ಮಣ್ಣಿನ ಹಕ್ಕಳೆಯನ್ನು ನೆನೆಸಿ, ತಿಕ್ಕಿ, ಹೇರ್‌ಪಿನ್ನಿನಿಂದ ಕೆರೆದಳು. ಒಲೆಯ ಮೇಲೆ ತಳ ಹತ್ತಿದ ಪಾತ್ರೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಳು. ನಟ್ಟಿನ ಕೆಳಮೈಯಲ್ಲಿ ಪಿನ್ನು ಏನಕ್ಕೋ ಸಿಕ್ಕಿಕೊಂಡಿತು. ತೆಳು ತಗಡಿನ ಅಂಚು. ವಾಷರಿನ ಕಿವಿ. ನಟ್ಟು ಸಡಿಲವಾಗದಿರಲೆಂದು ಅದನ್ನು ಮಡಚಿ, ನಟ್ಟಿನ ಮೈಗೆ ಅಂಟುವಂತೆ ಬಡಿದಿದ್ದರು. ಮಡಿಕೆಯೊಳಗೆ ಒಂದು ಬೊಟ್ಟು ಹಳದಿ ಬಣ್ಣ.

ಅವಳು ಬ್ರಷ್ಷು ಕೆಳಗಿಟ್ಟಳು.

ಬಿಗಿದ ನಟ್ಟಿಗೆ ಬಣ್ಣದ ಬೊಟ್ಟಿಡುವುದು ಈ ಶೆಡ್ಡಿನ ಪದ್ಧತಿ. ಯಾರ ಕೈ ಎಂದು ಆಮೇಲೆ ಗೊತ್ತಾಗಲಿ ಎಂದು. ಪ್ರಸನ್ನನದು ಹಸಿರು. ಹಳದಿ ಡಬ್ಬಿ ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅದಕ್ಕೆ ಟರ್ಪೆಂಟೈನ್ ಬೆರೆಸಿ ಕೊಡುತ್ತಿದ್ದವಳು ಅವಳೇ.

ಗಂಡನೂ ಪಾಪಣ್ಣನೂ ಬಂದಾಗ ಅವಳು ಸರಿದು ಕೂತು, "ಇಲ್ಲಿ ನೋಡ್ರಿ," ಎಂದಳು.

ಚಿತ್ರಲಿಂಗಪ್ಪ ಬಗ್ಗಿ ನೋಡಿದ. ಟಾರ್ಚು ತರಿಸಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಸಣ್ಣ ಉಳಿ ತಗೊಂಡು ಕಿವಿಯನ್ನು ಎಬ್ಬಿಸಿ, ಸ್ಪಾನರು ಹಾಕಿದ. ಪೈಪು ತೊಡಿಸಲಿಲ್ಲ. ಎರಡು ಏಟಿಗೆ ನಟ್ಟು ಕಿರ್ರೆಂದು ತಿರುಗಿತು.

ಒಳಗಿನ ಮರೆಯ ಸುತ್ತು ಎಲ್ಲೂ ಕೆಟ್ಟಿರಲಿಲ್ಲ.

"ಅಂದ್ರೆ ಮುಗೀತಲ್ಲಣ್ಣ," ಎಂದ ಪಾಪಣ್ಣ. ಕೈ ಒರೆಸಿಕೊಂಡು ತನ್ನ ಅಂಗಡಿಗೆ ಹೋದ.

ಚಿತ್ರಲಿಂಗಪ್ಪ ಹಳೇ ಟೈರಿನ ಮೇಲೆ ಕೂತು ವಾಷರನ್ನು ಬೆರಳಲ್ಲಿ ತಿರುಗಿಸಿದ. "ನಿಮ್ಮಪ್ಪ ತೀರ್ಕಂಡಾಗ ನೀವಿಬ್ರೂ ಜವನಗೊಂಡನಹಳ್ಳಿಗೆ ಹೋಗಿದ್ರಲ್ಲ," ಎಂದ. "ಪ್ರಸನ್ನ ಬಿಗಿದು ಕೊಟ್ಟ ಮೇಲೆ, ಆಗ ಶಿವಕುಮಾರಪ್ಪೋರು ಕಾರು ತಂದಿದ್ರು. ಎಣ್ಣೆ ಸೋರ್ತೈತೆ ಅಂತ. ನಾನೇ ಬಿಚ್ಚಿ, ಹೊಸ ವಾಷರ್ ಹಾಕಿ ಬಿಗಿದಿದ್ದೆ. ಮರ್ತೇ ಬಿಟ್ಟಿದ್ದೆ."

ಬೋರಕ್ಕ ಬೋಗುಣಿಯ ಕೊಳೆ ಡೀಸೆಲನ್ನು ಕ್ಯಾನಿಗೆ ಬಗ್ಗಿಸಿದಳು. ಸೋಪು ಹಚ್ಚಿ ಮೊಣಕೈತನಕ ಕೈ ತೊಳೆದಳು. ಆರು ವರ್ಷದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ದಣಿವು ಮಾತ್ರ ಇತ್ತು.

"ಪೋಸ್ಟಾಫೀಸು ಎಷ್ಟೊತ್ತಿನ ತನಕ ಇರ್ತೈತೆ?" ಗಂಡ ತಲೆ ಎತ್ತದೆ ಕೇಳಿದ.

"ಈಗ ಹೊಂಟ್ರೆ ಸಿಗ್ತೈತೆ."

ಅವಳು ಟ್ರಂಕು ತೆಗೆದು ಕಾಗದ ತಂದಳು. ಅವನು ವಾಷರನ್ನು ಇಕ್ಕಳದಲ್ಲಿ ಹಿಡಿದು ಕಿವಿ ನೆಟ್ಟಗೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಹಳದಿಯನ್ನು ಮಾತ್ರ ಒರೆಸದೆ, ಅವಳ ಕೈಗಿತ್ತ.

"ಇದನ್ನೂ ಹಾಕು. ನಿನ್ನ ಅಕ್ಷರ ಓದ್ತಾನೋ ಬಿಡ್ತಾನೋ, ಇದನ್ನ ಓದ್ತಾನೆ."

"ಕಾರಿಗೆ?"

"ಬೇರೇದು ಕತ್ತರಿಸ್ಕಂತೀನಿ."

ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಲಕೋಟೆಯನ್ನು ತೂಕಕ್ಕಿಟ್ಟಳು. ವಿಳಾಸದ ಪಕ್ಕದಲ್ಲಿ ಗ್ರೀಸಿನ ಒಂದು ಹೆಬ್ಬೆಟ್ಟು ಮೂಡಿತ್ತು.

"ಒಳಗೇನೈತಜ್ಜಿ, ಭಾರ ಐತಲ್ಲ?"

"ವಾಷರ್ ಐತವ್ವ."

ಹುಡುಗಿ ಅವಳ ಮುಖ ನೋಡಿದಳು. ಮತ್ತೆ ಕೇಳದೆ ಇನ್ನೊಂದು ಸ್ಟಾಂಪು ಅಂಟಿಸಿ ಸೀಲು ಹೊಡೆದಳು. ಕಾಗದದೊಳಗಿಂದ ಕಬ್ಬಿಣದ ಸಣ್ಣ ಸದ್ದು ಬಂತು. ಹೊರಗೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಚಿತ್ರಲಿಂಗಪ್ಪ ಆ ಸದ್ದಿಗೆ ತಲೆ ಎತ್ತಿದ.