ಗ್ರಹಣ ಬಿಡುವ ಮೊದಲು

ನಾಲ್ಕು ನಾಲ್ಕು ಎಣಿಕೆಯ ಮೂವತ್ತೆರಡು ಬಾರ್ ಸುಮ್ಮನೆ ನಿಂತಿದ್ದು, ಆಮೇಲೆ ಒಂದೇ ಒಂದು ಸಲ ಮೂರು ಮೂಲೆಯ ಉಕ್ಕಿನ ಟ್ರಯಾಂಗಲ್ ಅನ್ನು ಕಡ್ಡಿಯಿಂದ ಬಾರಿಸಬೇಕು. ನಾವು ನೆಲೆಸಿರುವ ಪರದೇಶದ ಊರಿನ ಲ್ಯಾವಿಂಗ್ಟನ್ ಬಡಾವಣೆಯ ಶಾಲೆಯೊಂದರಲ್ಲಿ ಮಕ್ಕಳು ಮರಿಗಳಿಗೆಂದೇ ಏರ್ಪಾಡಾಗಿದ್ದ ಆರ್ಕೆಸ್ಟ್ರಾ ಕಾರ್ಯಕ್ರಮದಲ್ಲಿ ನಮ್ಮ ಹತ್ತು ವರ್ಷದ ಶರ್ವಾಣಿಗೆ ಸಿಕ್ಕಿದ್ದು ಅಷ್ಟೇ ಕೆಲಸ. ಅದಕ್ಕೇ ಅವಳು ಮೂರು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಅಭ್ಯಾಸದಲ್ಲಿ ಎರಡು ಸಲ ತಪ್ಪಿದ್ದಳು. ಇನ್ನೊಮ್ಮೆ ತಪ್ಪಿದರೆ ಮುಂದಿನ ಬಾರಿ ಬೇರೆಯವರಿಗೆ ಕೊಡುತ್ತೇನೆ ಎಂದು ಆರ್ಕೆಸ್ಟ್ರಾ ನಡೆಸುವ ಡೆಂಜಿಲ್ ಸರ್ ಮೆತ್ತಗೇ ಹೇಳಿದ್ದರು.

ನನ್ನ ಗಂಡ ಸುಜಯ್ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಆರು ವರ್ಷ ಮೃದಂಗ ಕಲಿತವರು. ಜಾಮ್‌ನಲ್ಲಿ ಸಿಕ್ಕಿಕೊಂಡರೂ ಸ್ಟೀರಿಂಗ್ ಮೇಲೆ ತಾಳ ಹಾಕುವ ಆಸಾಮಿ ಇಂಥ ಹೊತ್ತಿನಲ್ಲಿ ಸುಮ್ಮನಿರುತ್ತಾರೆಯೇ?

“ಮೂವತ್ತೆರಡು ಬಾರ್ ಅಂದ್ರೆ ಆದಿತಾಳ ಹದಿನಾರು ಆವರ್ತನ, ಅಷ್ಟೇ ಪುಟ್ಟಿ. ನಾನು ಮೂರನೇ ಸಾಲಲ್ಲಿ ಕೂತು ತೊಡೆ ಮೇಲೆ ತಾಳ ಹಾಕ್ತಿರ್ತೀನಿ. ನನ್ ಕೈ ನೋಡು.”

“ಬಟ್ ಡೆಂಜಿಲ್ ಸರ್ ಸೆಡ್ ವಾಚ್ ಹಿಮ್.”

“ಅವರನ್ನೂ ನೋಡು.”

ಅಂದಿನಿಂದ ದಿನಾ ಸಂಜೆ ನಮ್ಮ ಅಡುಗೆಮನೆಯಲ್ಲಿ ಎಣಿಕೆಯೋ ಎಣಿಕೆ. ಚಪಾತಿ ಲಟ್ಟಿಸುವ ನನ್ನ ಕೈಗೂ ತಾಳ ಹತ್ತಿಬಿಟ್ಟಿತ್ತು.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಡ್ರಮ್ಮಿನ ಮೇಲೆ ಅಕ್ಕಿ ಚೆಲ್ಲಿ ಸದ್ದು ಹೇಗೆ ಕಾಳನ್ನು ಕುಣಿಸುತ್ತದೆ ಎಂದು ತೋರಿಸಿದರು. ಕೊಳಲುಗಳು ಹಕ್ಕಿಗಳಾದವು. ಕೊನೆಯಲ್ಲಿ ಸೂರ್ಯಗ್ರಹಣ. ಚಂದ್ರ ಸರಿದು ಮೊದಲ ಕಿರಣ ಹೊರಬೀಳುವಾಗ ಟ್ರಯಾಂಗಲ್ ಸದ್ದಾಗುತ್ತದೆ, ಆ ಸದ್ದಿಗೇ ದೀಪಗಳೆಲ್ಲ ಹತ್ತುತ್ತವೆ ಎಂದು ನಿರೂಪಕಿ ವಿವರಿಸಿದರು. ಅಲ್ಲಿಯವರೆಗೆ ದೀಪ ಆರಿಸಿರುತ್ತಾರೆಂದು ನಮಗೆ ಗೊತ್ತಾದದ್ದು ಆಗಲೇ.

ಕತ್ತಲಾಯಿತು. ವೇದಿಕೆಯ ಮೇಲೆ ಪುಟ್ಟ ಪುಟ್ಟ ಬಲ್ಬುಗಳು ಮಾತ್ರ ಉಳಿದವು.

“ಅವಳಿಗೆ ನನ್ ಕೈ ಕಾಣ್ಸಲ್ವಲ್ಲೇ,” ಎಂದರು ಸುಜಯ್.

“ಸುಮ್ನಿರಿ, ಅವಳು ನೋಡ್ಕೋತಾಳೆ.”

ಸುಮ್ಮನಿರಲಿಲ್ಲ. ತೊಡೆಯ ಮೇಲೆ ಬೆರಳು ಎಣಿಸುತ್ತಲೇ ಇತ್ತು. ಅತ್ತ ಸೂರ್ಯ ಮರೆಯಾದ ಹಾಗೆಲ್ಲ ಪಿಟೀಲುಗಳು ನಿಧಾನವಾಗುತ್ತಾ ಹೋದವು. ಅವರ ಸಂಗೀತದಲ್ಲಿ ಹಾಗೆ ಬೇಕೆಂದೇ ಎಳೆಯುತ್ತಾರಂತೆ. ಇವರಿಗೋ ಕಾಲಪ್ರಮಾಣ ಒಂದಿಷ್ಟೂ ಅಲುಗಬಾರದು ಎಂದು ಗುರುಗಳು ಆರು ವರ್ಷ ತಿದ್ದಿದ್ದರು. ಸಂಗೀತ ಹಿಂದೆ, ಇವರ ಕೈ ಮುಂದೆ. ನನಗೆ ಅದು ಗೊತ್ತಾಯಿತು. ಆದರೆ ಆರು ವರ್ಷ ಮೃದಂಗ ಕಲಿತವರಿಗೆ ಹೇಳಲು ನಾನ್ಯಾರು ಎಂದು ಒಂದು ಕ್ಷಣ ಅನುಮಾನಿಸಿದೆ.

ಹದಿನಾರನೇ ಆವರ್ತನ ಮುಗಿಯಿತೆಂದು ಸುಜಯ್ ತೊಡೆಯ ಮೇಲೆ ಜೋರಾಗಿ ಹೊಡೆದರು. ಅವರ ಮಣಿಕಟ್ಟು ನನ್ನ ಕೈಗೆ ಸಿಕ್ಕಿದ್ದು ಅದಾದ ಮೇಲೆ.

ಟಿಣ್ ಎಂದಿತು ಟ್ರಯಾಂಗಲ್. ದೀಪಗಳೆಲ್ಲ ಹತ್ತಿದವು. ಪಿಟೀಲುಗಳು ಇನ್ನೂ ಗ್ರಹಣದಲ್ಲೇ ಇದ್ದವು. ಮಕ್ಕಳು ಕಿಲಕಿಲ ನಕ್ಕರು. ಡೆಂಜಿಲ್ ಸರ್ ತಲೆ ತಿರುಗಿಸದೆ ನಡೆಸಿಕೊಂಡು ಹೋದರು. ನಾಲ್ಕು ಬಾರ್‌ನಷ್ಟು ಹೊತ್ತು, ಆ ಬೆಳಕಿನಲ್ಲಿ, ನನ್ನ ಮಗಳು ಕಡ್ಡಿ ಹಿಡಿದುಕೊಂಡು ಎಲ್ಲರೆದುರು ನಿಂತಿದ್ದಳು. ಎದ್ದು ಹೋಗಿ ಅವಳನ್ನು ಮರೆಮಾಡುವಂತಿರಲಿಲ್ಲ, ದೀಪ ಆರಿಸುವಂತಿರಲಿಲ್ಲ.

ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಜಯ್ ಕೈಗಳನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು ಕೂತಿದ್ದರು.

ಕಾರಿನ ಹತ್ತಿರ ಅವಳ ತಲೆ ಸವರಿ, “ಪರ್ವಾಗಿಲ್ಲ ಪುಟ್ಟಿ, ಕತ್ತಲಲ್ಲಿ ಯಾರಿಗಾದ್ರೂ ಎಣಿಕೆ ತಪ್ಪುತ್ತೆ,” ಎಂದರು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲಿ, ಅಪ್ಪನಿಗೆ ಮನದಟ್ಟಾಗಲೆಂದು ನಿಧಾನವಾಗಿ ಹೇಳಿದಳು.

“ನಂಗೆ ತಪ್ಪಿರಲಿಲ್ಲ ಅಪ್ಪ. ಇನ್ನೂ ನಾಲ್ಕು ಬಾರ್ ಇತ್ತು. ನೀನು ಹೊಡೆದಿದ್ದು ಕೇಳಿಸ್ತು. ಅಪ್ಪಂಗೆ ತಪ್ಪಲ್ಲ, ನಂಗೇ ತಪ್ಪಿರ್ಬೇಕು ಅಂದ್ಕೊಂಡೆ.”