ಗೋಲು ಆಗಲಿಲ್ಲವೆಂಬ ಪಂಚನಾಮೆ

ಎಲ್ಲಿಯಾದರೂ ಕಳವಾದರೆ, ಟ್ರ್ಯಾಕ್ಟರ್ ಮಗುಚಿದರೆ, ಊರಿನ ಇಬ್ಬರು ಗೌರವಸ್ಥರು ಸ್ಥಳಕ್ಕೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡು, ಕಂಡದ್ದನ್ನು ಬರೆಸಿ ಸಹಿ ಹಾಕಬೇಕು. ಅದೇ ಪಂಚನಾಮೆ, ಆ ಇಬ್ಬರೇ ಪಂಚರು. ಹುಮನಾಬಾದಿನ ಹಳೇ ಬಸ್ ನಿಲ್ದಾಣದ ಹತ್ತಿರ, ಈಗ ಮುಚ್ಚಿಹೋಗಿರುವ ಒಂದು ಪೊಲೀಸ್ ಹೊರಠಾಣೆಗೆ ಆ ಇಬ್ಬರು ಗೌರವಸ್ಥರಲ್ಲಿ ಒಬ್ಬ ನಾನು, ಬಟ್ಟೆ ಅಂಗಡಿಯ ಮಹಾರುದ್ರಪ್ಪ. ಇನ್ನೊಬ್ಬ ಗಡಿಯಾರ ರಿಪೇರಿಯ ಶಂಶುದ್ದೀನ್. ನಮ್ಮನ್ನು ಆರಿಸಿದ್ದು ಗೌರವಕ್ಕಲ್ಲ, ಠಾಣೆಯ ಗೋಡೆಗೆ ನಮ್ಮ ಅಂಗಡಿಗಳ ಗೋಡೆ ಅಂಟಿಕೊಂಡಿತ್ತು, ಅದಕ್ಕೆ. ಬಿಸಿಲಲ್ಲಿ ಅಲೆಯುವುದು ನನ್ನ ದೇಹಕ್ಕೆ ಆಗಿಬರದು. ಹೆಡ್ ಕಾನ್ಸ್‌ಟೇಬಲ್ ದಿಗಂಬರ ನೋಡಿಕೊಂಡು ಬರುತ್ತಿದ್ದ, ನಾನು ಗಾದಿಯ ಮೇಲೆ ಕೂತಲ್ಲೇ ಸಹಿ ಹಾಕಿ ಕಳಿಸುತ್ತಿದ್ದೆ. ಅವನು ಪ್ರತಿ ಸಲವೂ ಬರ್ರಿ ಎಂದು ಕರೆಯುತ್ತಿದ್ದ, ನಾನು ಪ್ರತಿ ಸಲವೂ ಹೋಗುತ್ತಿರಲಿಲ್ಲ. ಹೀಗೆ ನಲವತ್ತಮೂರು ಸಹಿಗಳಾಗಿದ್ದವು. ನಾಚಿಕೆ ಅನಿಸಿರಲಿಲ್ಲ.

ಇದು ೨೦೦೧ನೇ ಇಸವಿಯ ಜನವರಿಯ ಮಾತು. ಪ್ರತಿ ಚಳಿಗಾಲ ನನ್ನ ಅಂಗಡಿಯ ಎದುರಿಗೇ ಟಿಬೆಟಿನವರು ಬಂದು ಸ್ವೆಟರ್ ಅಂಗಡಿ ಹಾಕುತ್ತಿದ್ದರು. ನಾನು ಮಾರುವುದು ಚಾದರ, ಶಾಲು, ಕಂಬಳಿ. ನಮ್ಮ ಕಡೆ ಚಳಿ ಎಂದರೆ ಎಷ್ಟಿದ್ದೀತು? ಆದರೆ ಅವರು ಹಗ್ಗ ಕಟ್ಟಿ ಸ್ವೆಟರ್ ತೂಗಿಬಿಟ್ಟ ದಿನದಿಂದ ಘಾಟಬೋರಾಳದಿಂದ ಹುಲಸೂರದವರೆಗೆ ಎಲ್ಲರಿಗೂ ಚಳಿ ಹತ್ತುತ್ತಿತ್ತು. ಆ ಚಳಿ ಶಾಲಿನಿಂದ ಹೋಗುವಂಥದ್ದಲ್ಲ, ಸ್ವೆಟರಿನಿಂದ ಮಾತ್ರ ಹೋಗುವಂಥದ್ದು. ಅಂಗಡಿಯಲ್ಲಿ ಯಾಂಗ್ಕಿ ಎಂಬ ಹೆಂಗಸು, ಜೊತೆಗೆ ಅವಳ ಅಣ್ಣನ ಮಗ ಜಾಂಪೆಲ್, ಇಪ್ಪತ್ತಾರು ವರ್ಷದವನು. ಅವನು ಹುಟ್ಟಿದ್ದು ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ. ನಾವು ಬೀದರ ಸೀಮೆಯವರು ಅರ್ಧ ಉರ್ದು, ಪಾವು ಮರಾಠಿ ಸೇರಿಸಿ ಮಾತಾಡಿದರೆ ಅವನು ಅಚ್ಚ ಕನ್ನಡದಲ್ಲಿ ಎದೆಯ ಅಳತೆ ಕೇಳುತ್ತಿದ್ದ. ಇದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ಒಂದು ಬೆಳಿಗ್ಗೆ ದಿಗಂಬರ ಒಂದು ಕಾಗದ ಹಿಡಿದುಕೊಂಡು ಬಂದ. ಆ ಜಾಂಪೆಲ್ ಫುಟ್‌ಬಾಲ್ ಆಡುತ್ತಾನಂತೆ. ದೇಶ ಬಿಟ್ಟು ಬಂದ ಟಿಬೆಟಿಗರೆಲ್ಲ ಸೇರಿ ತಮ್ಮದೊಂದು ತಂಡ ಕಟ್ಟಿದ್ದಾರಂತೆ, ಬರುವ ಬೇಸಿಗೆಯಲ್ಲಿ ಯುರೋಪಿನಲ್ಲೆಲ್ಲೋ ಪಂದ್ಯವಂತೆ, ಇವನು ಆಯ್ಕೆಯಾಗಿದ್ದಾನಂತೆ. ದೇಶವಿಲ್ಲದವರಿಗೆ ಪಾಸ್‌ಪೋರ್ಟ್ ಇರುವುದಿಲ್ಲ, ಬೇರೊಂದು ಪ್ರಯಾಣಪತ್ರ ಬೇಕು. ಅರ್ಜಿಯಲ್ಲಿ ಸದ್ಯದ ವಿಳಾಸ ಎಂಬಲ್ಲಿ ಅವನು ಪ್ರಾಮಾಣಿಕವಾಗಿ ನನ್ನ ಅಂಗಡಿಯ ಎದುರು ಎಂದು ಬರೆದಿದ್ದ. ಹಾಗಾಗಿ ಮೇಲಿನ ಯಾವುದೋ ಕಚೇರಿ ಈ ಹೊರಠಾಣೆಗೆ ಬರೆದಿತ್ತು: ಸದರಿಯವರು ನಿಜಕ್ಕೂ ಫುಟ್‌ಬಾಲ್ ಆಟಗಾರರು ಹೌದೋ ಅಲ್ಲವೋ ಎಂಬುದನ್ನು ಪಂಚರ ಸಮಕ್ಷಮ ಖಚಿತಪಡಿಸಿಕೊಂಡು ಎಂಟು ದಿನದೊಳಗೆ ವರದಿ ಮಾಡುವುದು, ತಪ್ಪಿದಲ್ಲಿ ಅರ್ಜಿಯನ್ನು ವಜಾ ಮಾಡಲಾಗುವುದು.

ದಿಗಂಬರ ಕಬಡ್ಡಿಯಲ್ಲಿ ಜಿಲ್ಲೆಗೆ ಆಡಿದವನು, ಫುಟ್‌ಬಾಲ್ ಕಂಡವನಲ್ಲ. ಇಲ್ಲಿಯವರೆಗೆ ಎಷ್ಟು ಗೋಲು ಹೊಡೆದಿದ್ದಿ ಎಂದು ಜಾಂಪೆಲ್‌ನನ್ನು ಕೇಳಿದ. ಒಂದೂ ಇಲ್ಲ, ತಾನು ಗೋಲ್‌ಕೀಪರ್, ತನ್ನ ಕೆಲಸ ಗೋಲು ಆಗದಂತೆ ಕೈಯಿಂದ ತಡೆಯುವುದು ಎಂದ ಅವನು.

"ಕಾಲಲೆ ಆಡೋ ಆಟದಾಗ ನೀ ಕೈ ಹಾಕ್ತಿ ಅಂದ್ರ ಹ್ಯಾಂಗ?" ಎಂದು ದಿಗಂಬರ ಕೇಳಿದ.

"ನನಗೊಬ್ಬನಿಗೆ ಮಾಫಿ ಐತ್ರಿ," ಎಂದ ಜಾಂಪೆಲ್.

ದಿಗಂಬರ ನನ್ನ ಮುಂದೆ ಬಂದು ತಲೆ ಹಿಡಿದುಕೊಂಡು ಕೂತ. ಎಂದಿನಂತೆ ಸಹಿ ಹಾಕಿ ಕಳಿಸಬಹುದಿತ್ತು. ಆದರೆ ಈ ಸಲ ನೋಡಿಯೇ ಸಹಿ ಹಾಕುತ್ತೇನೆ ಎಂದೆ. ಶಂಶುದ್ದೀನ್ ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನು ದಿಟ್ಟಿಸಿದ. ಇದು ಸತ್ಯದ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ. ಐದು ಚಳಿಗಾಲ ನನ್ನ ಶಾಲುಗಳಿಗೆ ಧೂಳು ಹಿಡಿಸಿದವನ ಮೂಗಿನ ಕೆಳಗೆ ಚೆಂಡು ನುಗ್ಗುವುದನ್ನು ಕಣ್ತುಂಬ ನೋಡುವ ಆಸೆ, ಅಷ್ಟೇ.

ಭಾನುವಾರ ಮಾರುಕಟ್ಟೆಯ ಬಯಲಿನಲ್ಲಿ ಎರಡು ಬಿದಿರು ನೆಟ್ಟು ಮೇಲೊಂದು ಹಗ್ಗ ಕಟ್ಟಿದರು. ಕಾಯ್ದೆಯ ಪ್ರಕಾರ ಸ್ಥಳಕ್ಕೆ ಚಕ್ಕುಬಂದಿ ಬೇಕು, ಅಂದರೆ ನಾಲ್ಕೂ ಕಡೆ ಏನೇನಿದೆ ಎಂಬ ಗುರುತು. ದಿಗಂಬರ ಬರೆದ: ಗೋಲಿನ ಪೂರ್ವಕ್ಕೆ ತೊಗರಿ ಚೀಲಗಳ ಥಪ್ಪಿ, ಪಶ್ಚಿಮಕ್ಕೆ ಚಹಾದ ಬಂಡಿ, ದಕ್ಷಿಣಕ್ಕೆ ಬೇಲಿ, ಉತ್ತರಕ್ಕೆ ಒಂದು ಎಮ್ಮೆ. ಅರ್ಧ ತಾಸಿನಲ್ಲಿ ಎಮ್ಮೆ ಎದ್ದು ಹೋದದ್ದರಿಂದ ಉತ್ತರದ ಗಡಿಯನ್ನು ತಿದ್ದಬೇಕಾಯಿತು.

ಚೆಂಡು ಹುಮನಾಬಾದಿನಲ್ಲಿ ಸಿಗಲಿಲ್ಲ. ಶಂಶುದ್ದೀನ್ ಹೇಳಿಕಳಿಸಿ ಬಸವಕಲ್ಯಾಣದಿಂದ ಮಹೆಬೂಬನನ್ನು ಕರೆಸಿದ್ದ. ಮಹೆಬೂಬ ಅಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವನು, ಹರೆಯದಲ್ಲಿ ಹೈದರಾಬಾದಿನಲ್ಲಿ ಫುಟ್‌ಬಾಲ್ ಆಡಿದವನು. ಒಂದು ಚೆಂಡು ಕೇಳಿದ್ದಕ್ಕೆ ಅವನು ಹನ್ನೆರಡು ಮಂದಿ ಮೆಕ್ಯಾನಿಕ್‌ಗಳನ್ನು ಲಾರಿಯಲ್ಲಿ ತುಂಬಿಕೊಂಡು ಬಂದಿದ್ದ. ಒಂದು ಪಕ್ಷ ಹುಮನಾಬಾದ ಮತ್ತು ಬಸವಕಲ್ಯಾಣ ತಾಲ್ಲೂಕುಗಳು ಎಂದು ದಿಗಂಬರ ಬರೆದುಕೊಂಡ. ಪಂಚನಾಮೆಯಲ್ಲಿ ಎದುರುಪಕ್ಷ ಎಂದೂ ಒಂದು ಕಾಲಂ ಇರುತ್ತದೆ. ನೀನು ಯಾರ ಪರವಾಗಿ ನಿಂತಿದ್ದಿ ಎಂದು ಜಾಂಪೆಲ್‌ನನ್ನು ಕೇಳಿದ.

ಜಾಂಪೆಲ್ ಮೈಮೇಲಿನ ಸ್ವೆಟರ್ ತೆಗೆದು ಮಡಚಿ ಬಿದಿರಿನ ಬುಡದಲ್ಲಿಟ್ಟ. ಒಳಗೆ ತಂಡದ ಅಂಗಿ ಹಾಕಿಕೊಂಡಿದ್ದ. "ಟಿಬೆಟ್ ಅಂತ ಬರಕೊಳ್ರಿ," ಎಂದ. ದಿಗಂಬರ ಸ್ಪೆಲ್ಲಿಂಗ್ ಕೇಳಿ ಹಾಗೆಯೇ ಬರೆದುಕೊಂಡ. ಜನ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಮೊದಲು ಮೆಕ್ಯಾನಿಕ್‌ಗಳು ಒದ್ದರು. ಒಂದೂ ಹೋಗಲಿಲ್ಲ. ಆಮೇಲೆ ನಮ್ಮೂರ ಹಮಾಲರು, ತೊಗರಿ ಮಾರಲು ಬಂದಿದ್ದ ಘಾಟಬೋರಾಳದ ರೈತರು, ಬಸ್ಸು ಸ್ವಲ್ಪ ಹೊತ್ತು ನಿಲ್ಲಿಸಿದ ಒಬ್ಬ ಕಂಡಕ್ಟರ್, ಸೀರೆ ಎತ್ತಿ ಕಟ್ಟಿದ ಕಡಲೆ ಮಾರುವ ವಜೀರಬಿ. ಯಾರು ಒದ್ದರೂ ಜಾಂಪೆಲ್ ಅದೇ ಗಂಭೀರ ಮುಖದಿಂದ ಹಾರಿ ಹಿಡಿಯುತ್ತಿದ್ದ. ವಜೀರಬಿಯ ಚೆಂಡು ಉರುಳಿಕೊಂಡು ಬಂದು ಅರ್ಧ ದಾರಿಯಲ್ಲೇ ನಿಂತಿತು, ಅದನ್ನೂ ಅವನು ಓಡಿಹೋಗಿ ಎರಡೂ ಕೈಯಿಂದ ಎತ್ತಿಕೊಂಡು ಎದೆಗೊತ್ತಿಕೊಂಡ. ಮುದುಕಿಗೆ ಭಾಳ ಮರ್ಯಾದೆ ಕೊಟ್ಟಂತಾಯಿತು. ಮಹೆಬೂಬ ಕೊನೆಗೆ ಒದೆಯುವುದೆಂದು ಕಾದು ಕೂತಿದ್ದವನು ಎದ್ದು ಬಂದು ಬೂಟಿನ ಲೇಸು ಬಿಗಿದ. ಅವನ ಏಟಿಗೆ ಚೆಂಡು ಸಿಳ್ಳೆ ಹಾಕಿತು. ಜಾಂಪೆಲ್ ಅಡ್ಡ ಬಿದ್ದು ಬೆರಳ ತುದಿಯಿಂದ ಅದನ್ನು ಚಹಾದ ಬಂಡಿಗೆ ಕಳಿಸಿದ. ಮಹೆಬೂಬ ಇನ್ನೊಮ್ಮೆ ಎಂದ. ಆ ಇನ್ನೊಮ್ಮೆ ಮಧ್ಯಾಹ್ನದವರೆಗೆ ಮುಗಿಯಲಿಲ್ಲ.

ಎರಡು ಗಂಟೆಗೆ ದಿಗಂಬರ ಪೆನ್ನು ಕೆಳಗಿಟ್ಟು ನನ್ನ ಹತ್ತಿರ ಬಂದ. ಅವನ ಕಾಗದದಲ್ಲಿ ಚಕ್ಕುಬಂದಿ, ಎರಡು ಪಕ್ಷಗಳ ಹೆಸರು ಬಿಟ್ಟರೆ ಏನೂ ಇರಲಿಲ್ಲ.

"ಇಪ್ಪತ್ತೆರಡು ವರ್ಷ ನೌಕರಿ ಮಾಡೀನ್ರಿ ಸಾವ್ಕಾರ್ರ. ಕಳವು ಆಗ್ಯಾದ, ಬಡಿದಾಟ ಆಗ್ಯಾದ, ಬರದೀನಿ. ಆಗದೇ ಇದ್ದದ್ದಕ್ಕ ಪಂಚನಾಮಿ ಹ್ಯಾಂಗ ಬರೀಲಿ?"

ಘಟನೆಯೇ ಇಲ್ಲದ ಪಂಚನಾಮೆಯನ್ನು ಮೇಲಿನವರು ಒಪ್ಪುವುದಿಲ್ಲ ಎಂದು ಅವನ ವಾದ. ಒಂದೇ ಒಂದು ಗೋಲು ಆಗಲಿ, ಅದನ್ನು ಘಟನೆಯೆಂದು ಬರೆದು, ಉಳಿದವು ಆಗಲಿಲ್ಲವೆಂದು ಕೆಳಗೆ ಸೇರಿಸುತ್ತೇನೆ ಎಂದ. ಜಾಂಪೆಲ್‌ಗೂ ಹೋಗಿ ಅದನ್ನೇ ಹೇಳಿದ. ಸ್ವೆಟರ್ ಅಂಗಡಿ ಮುಚ್ಚಿ ಬಂದಿದ್ದ ಯಾಂಗ್ಕಿ ತಮ್ಮ ಭಾಷೆಯಲ್ಲಿ ಏನೋ ಕೂಗಿದಳು, ಒಂದು ಬಿಟ್ಟುಬಿಡು ಎಂದೇ ಇರಬೇಕು. ಜಾಂಪೆಲ್ ಒಪ್ಪಿ ತಲೆಯಾಡಿಸಿದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮಹೆಬೂಬ ಮಗುವಿಗೆ ಒದೆಯುವಂತೆ ಮೆಲ್ಲಗೆ ಒದ್ದ. ಚೆಂಡು ಹತ್ತಿರ ಬಂತು, ಇನ್ನೇನು ದಾಟಬೇಕು, ಜಾಂಪೆಲ್‌ನ ಮೊಣಕಾಲು ಚಾಚಿಕೊಂಡು ಅದನ್ನು ಹೊರಗೆ ಹಾಕಿತು. ಮೂರು ಸಲ ಹೀಗೇ ಆಯಿತು. ಮೂರನೇ ಸಲ ಅವನು ಹಣೆ ಒರೆಸಿಕೊಂಡು, ಬಿಡಲು ತನಗೆ ಬರುವುದಿಲ್ಲ, ಅದನ್ನು ಯಾರೂ ಕಲಿಸಲಿಲ್ಲ ಎಂದು ಕ್ಷಮೆ ಕೇಳಿದ.

ಅವನು ಸೋಲಲಿ ಎಂದು ಬಂದವನು ನಾನು, ಆದರೆ ಮುಂದಿನ ಚೆಂಡಿಗೆ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು, ತಡೆಯಲು. ಪಕ್ಕದಲ್ಲಿದ್ದ ಶಂಶುದ್ದೀನ್ ಅದನ್ನು ನೋಡಿ ನೋಡದಂತೆ ಮಾಡಿದ. ಉಪಾಯ ಹೇಳಿದವನೂ ಅವನೇ. ಆಗದೇ ಇದ್ದದ್ದನ್ನೇ ಒಂದೊಂದಾಗಿ ಬರೆ, ಬೆಳಿಗ್ಗೆಯಿಂದ ಪ್ರತಿ ಏಟಿಗೂ ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದೇನೆ, ನಾನು ಹೊತ್ತು ಹೇಳುತ್ತೇನೆ ಎಂದ. ದಿಗಂಬರ ಕಾರ್ಬನ್ ಹಾಳೆ ಇಟ್ಟು ಶುರುಮಾಡಿದ. ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಮೊದಲನೆಯ ಗೋಲು ಆಗಲಿಲ್ಲ. ಹತ್ತು ಗಂಟೆ ಆರು ನಿಮಿಷಕ್ಕೆ ಎರಡನೆಯ ಗೋಲು ಆಗಲಿಲ್ಲ. ಸಂಜೆ ನಾಲ್ಕಕ್ಕೆ ಮುಗಿದಾಗ ನೂರಾ ಮೂವತ್ತೇಳು ಗೋಲುಗಳು ಆಗಿರಲಿಲ್ಲ, ಒಂಬತ್ತು ಹಾಳೆಗಳು ತುಂಬಿದ್ದವು. ಮಹೆಬೂಬ ಜಾಂಪೆಲ್‌ನನ್ನು ತಬ್ಬಿಕೊಂಡು ಚೆಂಡನ್ನು ಅವನಿಗೇ ಕೊಟ್ಟುಹೋದ. ನಾನು ಒಂಬತ್ತೂ ಹಾಳೆ ಓದಿ, ಒಂಬತ್ತಕ್ಕೂ ಸಹಿ ಹಾಕಿದೆ. ಕಂಡದ್ದಕ್ಕೆ ಸಹಿ ಹಾಕುವುದು ಇಷ್ಟು ಸುಖವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರು ವಾರಕ್ಕೆ ಕಾಗದ ವಾಪಸು ಬಂತು. ಸದರಿಯವರು ಗೋಲ್‌ಕೀಪರ್ ಎಂಬ ಬಗ್ಗೆ ಕಚೇರಿಗೆ ಸಂಶಯವಿಲ್ಲ. ಆದರೆ ಎದುರುಪಕ್ಷದ ಕಾಲಮಿನಲ್ಲಿ ಬರೆದ ದೇಶ ಕಚೇರಿಯ ಯಾದಿಯಲ್ಲಿ ಇಲ್ಲ. ಇಲ್ಲದ ದೇಶದ ಗೋಲನ್ನು ಕಾಯಲು ಬರುವುದಿಲ್ಲ. ಆದ್ದರಿಂದ, ಸದರಿಯವರು ಯಾವ ದೇಶದ ಪರವಾಗಿಯೂ ಅಲ್ಲದೆ ತಮ್ಮ ಸ್ವಂತ ವಿನೋದಕ್ಕಾಗಿ ಚೆಂಡು ತಡೆದರು ಎಂದು ಅದೇ ಪಂಚರಿಂದ ತಿದ್ದಿಸಿ ಕಳಿಸುವುದು. ಹಾಗೆ ಕಳಿಸಿದಲ್ಲಿ ಪ್ರಯಾಣಪತ್ರಕ್ಕೆ ಅಡ್ಡಿಯಿಲ್ಲ. ಅಂದರೆ ಅವನು ತನ್ನ ದೇಶಕ್ಕಾಗಿ ಆಡಲು ಹೋಗಬೇಕಾದರೆ ಅವನಿಗೆ ದೇಶವಿಲ್ಲವೆಂದು ನಾವು ಬರೆದುಕೊಡಬೇಕು. ಶಂಶುದ್ದೀನ್ ಎರಡು ಸಲ ಓದಿ ಸಹಿ ಹಾಕಿದ. ನಾನು ಹಾಕಲಿಲ್ಲ. ನಾನು ಅಲ್ಲಿದ್ದೆ, ವಿನೋದ ಹೇಗಿರುತ್ತದೆಂದು ನನಗೂ ಗೊತ್ತು, ಅದು ವಿನೋದವಾಗಿರಲಿಲ್ಲ ಎಂದು ದಿಗಂಬರನ ಮೇಲೆ ಕೂಗಾಡಿದೆ.

ಮರುದಿನ ಜಾಂಪೆಲ್ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಐದು ಚಳಿಗಾಲದಲ್ಲಿ ಮೊದಲ ಸಲ. ಎದುರುಗಡೆ ಯಾಂಗ್ಕಿ ಸ್ವೆಟರ್‌ಗಳನ್ನು ಗಂಟು ಕಟ್ಟುತ್ತಿದ್ದಳು, ಚಳಿ ಮುಗಿದಿತ್ತು, ಅವರು ಆ ಸಂಜೆಯ ಬಸ್ಸಿಗೆ ಹೊರಡುವವರಿದ್ದರು. ಅವನು ತಿದ್ದಿದ ಕಾಗದವನ್ನು ನನ್ನ ಮುಂದೆ ಇಟ್ಟು ಸಹಿ ಹಾಕಲು ಬೇಡಿಕೊಂಡ. ನಾನು ಆಗುವುದಿಲ್ಲ ಎಂದೆ. ಅರವತ್ತಕ್ಕೆ ಬಂದ ಮೇಲೆ ಒಂದೇ ಒಂದು ಸಂಗತಿಯನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಸುಳ್ಳು ಮಾಡಲಾರೆ ಎಂದೆ. ಹೇಳುವಾಗ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆ ಅನಿಸಿತು.

ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಹೇಳಿದ, "ಕಾಕಾರ, ನಮ್ಮ ದೇಶ ಇಲ್ಲಂತ ಬರಿಯೋ ಮಂದಿ ಭಾಳ ಅದಾರ್ರಿ. ಅವರೆಲ್ಲ ಅದನ್ನ ಖರೇ ಅಂತ ತಿಳದು ಬರೀತಾರ. ನೀವಾದ್ರೂ ಸುಳ್ಳು ಅಂತ ಗೊತ್ತಿದ್ದು ಬರೀರಿ."

ನನಗೆ ಅಳು ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಇದ್ದರೆ ಇರಲಿ ಎಂದು ಅತ್ತುಬಿಟ್ಟೆ. ಸಹಿ ಹಾಕಿದೆ. ಅಕ್ಷರಗಳು ಎಷ್ಟು ಸೊಟ್ಟಗಾದವೆಂದರೆ, ಹಳೆಯ ಸಹಿಗೆ ಇದು ಹೊಂದುವುದಿಲ್ಲವೆಂದು ದಿಗಂಬರ ನನ್ನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ.

ಜಾಂಪೆಲ್‌ಗೆ ಪ್ರಯಾಣಪತ್ರ ಸಿಕ್ಕಿತು, ಬೇಸಿಗೆಯಲ್ಲಿ ಹೋದ. ಅಲ್ಲಿ ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ. ಆದರೆ ಅಂಗಡಿಗೆ ಬಂದವರಿಗೆಲ್ಲ, ಅವರು ಕೇಳಲಿ ಬಿಡಲಿ, ನಾನು ಹೇಳುತ್ತೇನೆ. ೨೦೦೧ರ ಜನವರಿಯ ಒಂದು ಭಾನುವಾರ ನಮ್ಮ ಮಾರುಕಟ್ಟೆಯ ಬಯಲಿನಲ್ಲಿ ಟಿಬೆಟ್ ದೇಶಕ್ಕೂ ಹುಮನಾಬಾದ, ಬಸವಕಲ್ಯಾಣ ಎರಡೂ ತಾಲ್ಲೂಕುಗಳಿಗೂ ಪಂದ್ಯ ನಡೆಯಿತು, ಟಿಬೆಟ್ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ, ನಾನು ಅಲ್ಲೇ ನಿಂತು ನೋಡಿದ್ದೇನೆ. ಬರೆದು ಕೊಡಿ ಎಂದು ಮಾತ್ರ ಕೇಳಬೇಡಿ. ನಾನು ಬರೆದುಕೊಟ್ಟಿರುವುದು ಬೇರೆ.